ಆರನೆಯ ಗುಂಡಿನಿಂದ ಚದುರುವ ಗುಂಪು: ಒಂದು ಕೇಪಿನ ರೈಫಲ್ಲಿನ ಪ್ರಕರಣ ಅಧ್ಯಯನ

ಈ ಬರಹ ಒಂದೇ ರೈಫಲ್ಲನ್ನು ಮತ್ತು ಅದರ ಒಂದೇ ತೊಂದರೆಯನ್ನು ಕುರಿತದ್ದು. ನಳಿಗೆಯ ಬಾಯಿಂದ ಮದ್ದು ತುಂಬುವ, ಕೇಪಿನಿಂದ (ಬಡಿದಾಗ ಸಿಡಿದು ಕಿಡಿ ಕೊಡುವ ಪುಟ್ಟ ಲೋಹದ ಟೋಪಿಯಿಂದ) ಹೊತ್ತುವ ನನ್ನ ಗುರಿ ರೈಫಲ್ ಮೊದಲ ಐದು ಗುಂಡುಗಳನ್ನು ಒತ್ತೊತ್ತಾಗಿ ಇಟ್ಟು, ಆರನೆಯದರಿಂದ ಮುಂದೆ ಎಲ್ಲೆಂದರಲ್ಲಿ ಎಸೆಯುತ್ತಿತ್ತು. ಕಾರಣವನ್ನು ಹುಡುಕಲು ನನಗೆ ಎಂಟು ಅಭ್ಯಾಸ ದಿನಗಳು ಬೇಕಾದವು. ಅವುಗಳಲ್ಲಿ ಮೊದಲ ನಾಲ್ಕು ತಪ್ಪು ದಾರಿಯಲ್ಲಿ ಕಳೆದವು. ಆ ತಪ್ಪು ದಾರಿಗಳನ್ನೂ ಇಲ್ಲಿ ಬಿಡದೆ ಬರೆದಿದ್ದೇನೆ, ಏಕೆಂದರೆ ಇದೇ ತೊಂದರೆಯಲ್ಲಿರುವ ಇನ್ನೊಬ್ಬರು ಮೊದಲು ಹಿಡಿಯುವುದು ಬಹುಶಃ ಅವೇ ದಾರಿಗಳನ್ನು.

ರೈಫಲ್ಲಿನ ವಿವರ

ನಳಿಗೆಯ ಒಳ ಅಳತೆ .45 ಇಂಚು, ಅಂದರೆ 11.43 ಮಿ.ಮೀ. ಒಳಗಿನ ಸುರುಳಿ ಗೆರೆಗಳು 48 ಇಂಚಿಗೆ ಒಂದು ಸುತ್ತು ತಿರುಗುತ್ತವೆ. ಇದು ಸೀಸದ ಉರುಟು ಗುಂಡಿಗೆ ಹೊಂದುವ ನಿಧಾನವಾದ ತಿರುವು. ಗುಂಡು .440 ಇಂಚಿನದು, ಎಂದರೆ 11.18 ಮಿ.ಮೀ. ಅಡ್ಡಳತೆಯ, ಸುಮಾರು 8.3 ಗ್ರಾಂ ತೂಕದ ಮೆದು ಸೀಸ. ನಳಿಗೆಗಿಂತ ಗುಂಡು ಚಿಕ್ಕದಾದ್ದರಿಂದ ನಡುವಿನ ತೆರಪನ್ನು ಜಿಡ್ಡು ಸವರಿದ ಹತ್ತಿ ಬಟ್ಟೆಯ ತುಂಡೊಂದು ತುಂಬುತ್ತದೆ. ಶೂಟರುಗಳು ಇದನ್ನು ಪ್ಯಾಚ್ ಎನ್ನುತ್ತಾರೆ. ಸುರುಳಿ ಗೆರೆಗಳನ್ನು ಕಚ್ಚಿ ಹಿಡಿದು ಗುಂಡನ್ನು ತಿರುಗಿಸುವುದು, ಹಿಂದಿನ ಬಿಸಿ ಅನಿಲವನ್ನು ತಡೆಯುವುದು, ನಳಿಗೆಯಲ್ಲಿ ಉಳಿದ ಮಸಿಯನ್ನು ಮೆದುವಾಗಿಡುವುದು, ಈ ಮೂರೂ ಕೆಲಸಗಳನ್ನು ಒಂದು ಚೂರು ಬಟ್ಟೆ ಒಂದೇ ಕ್ಷಣದಲ್ಲಿ ಮಾಡಬೇಕು. ತೊಂದರೆ ಆರಂಭವಾದಾಗ ನನ್ನ ಪ್ಯಾಚಿನ ದಪ್ಪ 0.38 ಮಿ.ಮೀ. ಇತ್ತು. ಮದ್ದು 40 ಗ್ರೇನ್, ಸುಮಾರು 2.6 ಗ್ರಾಂ, 3 ಎಫ್ ದರ್ಜೆಯ ಸಣ್ಣ ಕಾಳಿನ ಕರಿಮದ್ದು.

ನಾನು ಅಭ್ಯಾಸ ಮಾಡುತ್ತಿದ್ದದ್ದು ವೆಟ್ಟರ್ಲಿ ಎಂಬ ಸ್ಪರ್ಧೆಗೆ. ಬಾಯಿಂದ ತುಂಬುವ ಕೋವಿಗಳ ಅಂತರರಾಷ್ಟ್ರೀಯ ಸ್ಪರ್ಧೆಗಳನ್ನು ನಡೆಸುವ, 1971ರಲ್ಲಿ ಸ್ಥಾಪನೆಯಾದ ಎಂಎಲ್‌ಎಐಸಿ ಸಂಸ್ಥೆಯ ನಿಯಮದಂತೆ ಇದರಲ್ಲಿ 50 ಮೀಟರ್ ದೂರದ ಗುರಿಗೆ ನಿಂತು ಹೊಡೆಯಬೇಕು. 30 ನಿಮಿಷಗಳಲ್ಲಿ 13 ಗುಂಡು ಹಾರಿಸಬಹುದು, ಅವುಗಳಲ್ಲಿ ಉತ್ತಮವಾದ ಹತ್ತನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಗುರಿಕಾಗದದ ಹತ್ತು ಅಂಕದ ವೃತ್ತದ ಅಡ್ಡಳತೆ 50 ಮಿ.ಮೀ. ಪ್ರತಿ ಗುಂಡಿಗೆ ಸರಾಸರಿ 138 ಸೆಕೆಂಡುಗಳು ಸಿಗುತ್ತವೆ. ಅಷ್ಟರಲ್ಲಿ ನಳಿಗೆಯನ್ನು ಒರೆಸಿ, ಮೊದಲೇ ಅಳೆದು ಪುಟ್ಟ ಶೀಶೆಗಳಲ್ಲಿಟ್ಟ ಮದ್ದನ್ನು ಸುರಿದು, ಪ್ಯಾಚನ್ನೂ ಗುಂಡನ್ನೂ ಗಜದಿಂದ, ಅಂದರೆ ತುಂಬುವ ಉದ್ದ ಕೋಲಿನಿಂದ, ತಳಕ್ಕೆ ಇಳಿಸಿ, ಕೇಪು ಹಾಕಿ, ಉಸಿರು ಹತೋಟಿಗೆ ತಂದುಕೊಂಡು ಹೊಡೆಯಬೇಕು. ಕಾರ್ಟ್ರಿಜ್ ಬಳಸುವ ರೈಫಲ್ಲಿನಲ್ಲಿ ಕಾರ್ಖಾನೆ ಮುಗಿಸಿಕೊಡುವ ಕೆಲಸವನ್ನು ಇಲ್ಲಿ ಶೂಟರ್ ನಳಿಗೆಯ ಒಳಗೇ, ತನ್ನ ಕೈಯಿಂದಲೇ, ಹದಿಮೂರು ಸಲ ಮಾಡುತ್ತಾನೆ. ನನಗೆ ಈ ಆಟ ಪ್ರಿಯವಾಗಿರುವುದೇ ಇದರಿಂದ.

ತೊಂದರೆ ಕಾಣಿಸಿಕೊಂಡ ಬಗೆ

ಮೊದಲು ಬರೆದಿಟ್ಟುಕೊಂಡ ದಿನದ ಅಂಕಗಳು ಹಾರಿಸಿದ ಕ್ರಮದಲ್ಲಿ ಹೀಗಿದ್ದವು: 10, 9, 10, 9, 9, 8, 7, 9, 6, 7, 5, 8, 6. ಉತ್ತಮ ಹತ್ತರ ಮೊತ್ತ 86. ಮೊತ್ತವನ್ನಷ್ಟೇ ನೋಡಿದ್ದರೆ ಸಾಧಾರಣ ದಿನವೆಂದು ಬಿಟ್ಟುಬಿಡಬಹುದಿತ್ತು. ಕ್ರಮದಲ್ಲಿ ನೋಡಿದಾಗ ಮಾತ್ರ ಐದರ ನಂತರದ ಕುಸಿತ ಕಣ್ಣಿಗೆ ಬೀಳುತ್ತದೆ. ಮುಂದಿನ ಎರಡು ಅಭ್ಯಾಸಗಳಲ್ಲೂ ಕುಸಿತ ಅದೇ ಜಾಗದಲ್ಲಿ, ಆರನೆಯ ಅಥವಾ ಏಳನೆಯ ಗುಂಡಿನಲ್ಲಿ ಶುರುವಾಯಿತು. ಗುಂಡುಗಳು ಒಂದೇ ಕಡೆಗೆ ಸರಿಯುತ್ತಿರಲಿಲ್ಲ. ಮೇಲೆ ಕೆಳಗೆ ಹೆಚ್ಚಾಗಿ, ಎಡ ಬಲಕ್ಕೂ ಸಾಕಷ್ಟು ಚದುರುತ್ತಿದ್ದವು.

ಆಗ ಗಮನಕ್ಕೆ ಬಂದರೂ ಬೆಲೆ ಕೊಡದ ಎರಡು ಸಂಗತಿಗಳಿದ್ದವು. ಎಂಟನೆಯ ಗುಂಡಿನ ಹೊತ್ತಿಗೆ ಗಜವನ್ನು ಕೊನೆಯ ಒಂದು ಗೇಣು ಒತ್ತಲು ಹೆಚ್ಚು ಬಲ ಬೇಕಾಗುತ್ತಿತ್ತು. ಮತ್ತು ಕೆಲವು ಹೊಡೆತಗಳಲ್ಲಿ ಕುದುರೆ (ಕೋವಿಯ ಬಡಿಯುವ ಸುತ್ತಿಗೆ) ಕೇಪಿನ ಮೇಲೆ ಬಡಿದ ಸದ್ದಿಗೂ ಮದ್ದು ಹೊತ್ತಿದ ಸದ್ದಿಗೂ ನಡುವೆ ಕಿವಿಗೆ ತಿಳಿಯುವಷ್ಟು ತೆರಪು ಇರುತ್ತಿತ್ತು. ಸರಿಯಾಗಿರುವ ಕೇಪಿನ ಕೋವಿಯಲ್ಲಿ ಈ ಎರಡು ಸದ್ದುಗಳು ಒಂದೇ ಆಗಿ ಕೇಳಬೇಕು.

ಮೊದಲ ನಾಲ್ಕು ದಿನಗಳು

ಮೊದಲ ಅನುಮಾನ ನನ್ನ ಮೇಲೆಯೇ ಬಂದಿತು. ಸುಮಾರು ಐದು ಕಿಲೋ ತೂಕದ ರೈಫಲ್ಲನ್ನು ನಿಂತು ಹಿಡಿಯುವಾಗ ತೋಳು ದಣಿಯುವುದು ಸಹಜ. ಆದ್ದರಿಂದ ಮೇಜಿನ ಮೇಲೆ ಮರಳುಚೀಲಗಳ ಆಸರೆಯಿಟ್ಟು ಹದಿಮೂರು ಗುಂಡು ಹೊಡೆದೆ. ಮೊದಲ ಐದು 38 ಮಿ.ಮೀ. ಒಳಗೆ ಕೂತವು. ಉಳಿದ ಎಂಟು 120 ಮಿ.ಮೀ. ಅಗಲಕ್ಕೆ ಹರಡಿದವು. ತೋಳಿನ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಎರಡನೆಯ ಅನುಮಾನ ನಳಿಗೆ ಬಿಸಿಯಾಗುವುದರ ಮೇಲೆ. ಪ್ರತಿ ಹೊಡೆತದ ನಂತರ ಹತ್ತು ನಿಮಿಷ ಕಾದು ಮತ್ತೆ ಹೊಡೆದೆ. ನಳಿಗೆ ಕೈಗೆ ತಣ್ಣಗೆ ಇತ್ತು, ಆದರೆ ಗುಂಪು, ಅಂದರೆ ಗುರಿಕಾಗದದ ಮೇಲೆ ಗುಂಡುಗಳು ಒಟ್ಟಾಗಿ ಬೀಳುವ ಜಾಗ, ನಾಲ್ಕನೆಯ ಗುಂಡಿಗೇ ಒಡೆಯಿತು. ಆ ದಿನ ಇದನ್ನು ನಾನು ಕೇವಲ ನಿರಾಕರಣೆ ಎಂದು ಬರೆದುಕೊಂಡೆ. ನಿಜದಲ್ಲಿ ಅದು ದೊಡ್ಡ ಸುಳಿವಾಗಿತ್ತು: ಕಾದಷ್ಟೂ ಒಳಗಿನ ಮಸಿ ಒಣಗಿ ಗಟ್ಟಿಯಾಗುತ್ತಿತ್ತು.

ಅದೇ ದಿನ ಹನ್ನೊಂದನೆಯ ಗುಂಡು ತಳಕ್ಕಿಂತ ಸುಮಾರು ನಾಲ್ಕು ಸೆಂಟಿಮೀಟರ್ ಮೇಲೆ ಸಿಕ್ಕಿಕೊಂಡು ನಿಂತಿತು. ಈ ಘಟನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗುಂಡು ಮದ್ದಿಗೆ ತಾಗಿ ಕೂರದೆ ನಡುವೆ ಖಾಲಿ ಜಾಗ ಉಳಿದರೆ, ಹೊಡೆದಾಗ ಗುಂಡು ನಿಂತಿರುವ ಜಾಗದಲ್ಲಿ ನಳಿಗೆ ಉಬ್ಬಬಹುದು ಅಥವಾ ಸೀಳಬಹುದು. ‘ಹೊಡೆದುಬಿಟ್ಟರೆ ಸರಿಹೋಗುತ್ತದೆ’ ಎಂಬ ಆಲೋಚನೆ ಆ ಕ್ಷಣದಲ್ಲಿ ಎಷ್ಟು ಸಹಜವಾಗಿ ಬರುತ್ತದೆ ಎಂದರೆ ಅದನ್ನು ನೆನೆದರೆ ಇಂದಿಗೂ ನನಗೆ ಭಯವಾಗುತ್ತದೆ. ನಾನು ಕೇಪು ಹಾಕಲಿಲ್ಲ. ನಳಿಗೆಯನ್ನು ಗುರಿಯ ಕಡೆಗೇ ತೋರಿಸಿಟ್ಟು ರೇಂಜ್ ಆಫೀಸರನ್ನು ಕರೆದೆ. ಅವರ ಎದುರಿನಲ್ಲಿ ಕೇಪು ಕೂರುವ ನಿಪ್ಪಲ್ಲನ್ನು ಬಿಚ್ಚಿ, ಆ ತೂತಿನಿಂದ ನೀರು ತುಂಬಿ ಮದ್ದನ್ನು ಪೂರ್ತಿ ನಿರ್ಜೀವ ಮಾಡಿದ ಮೇಲೆ, ಗಜದ ತುದಿಗೆ ತಿರುಪು ಹಾಕಿ ಸೀಸವನ್ನು ಕೊರೆದು ಗುಂಡನ್ನು ಹೊರಗೆಳೆದೆವು. ಒಂದು ಗಂಟೆ ಹಿಡಿಯಿತು.

ಮೂರನೆಯ ಅನುಮಾನ ಮದ್ದಿನ ಅಳತೆಯ ಮೇಲೆ. ಗಾತ್ರದಿಂದ ಅಳೆಯುವುದನ್ನು ಬಿಟ್ಟು ತಕ್ಕಡಿಯಲ್ಲಿ 0.1 ಗ್ರೇನ್ ತನಕ ತೂಗಿ ತುಂಬಿದೆ. ಯಾವ ಬದಲಾವಣೆಯೂ ಕಾಣಲಿಲ್ಲ.

ನಾಲ್ಕನೆಯದು ಎಲ್ಲರೂ ಮೊದಲು ಹೇಳುವ ಉತ್ತರ: ಮಸಿ. ನಾನು ಆಗಲೇ ಪ್ರತಿ ಹೊಡೆತಕ್ಕೂ ಒಂದು ಒದ್ದೆ ಬಟ್ಟೆಯಿಂದ ನಳಿಗೆಯನ್ನು ಒರೆಸುತ್ತಿದ್ದೆನಾದ್ದರಿಂದ ಮಸಿಯ ಮೇಲೆ ಅನುಮಾನ ತಡವಾಗಿ ಬಂದಿತ್ತು. ಈಗ ಒಂದರ ಬದಲು ಎರಡು ಬಟ್ಟೆ, ಅದೂ ಇನ್ನಷ್ಟು ಒದ್ದೆಯಾಗಿ ಬಳಸಿದೆ. ತೊಂದರೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಏಳನೆಯ ಸಲ ಕೇಪು ಸಿಡಿಯಿತು, ಮದ್ದು ಹೊತ್ತಲಿಲ್ಲ. ರೈಫಲ್ಲನ್ನು ಗುರಿಯತ್ತ ಹಿಡಿದು ಪೂರ್ತಿ ಒಂದು ನಿಮಿಷ ಕಾದು, ಹೊಸ ಕೇಪು ಹಾಕಿ ಹೊಡೆದಾಗ ಅದು ತಡವಾಗಿ ಹೊತ್ತಿತು. ಹೆಚ್ಚು ಸ್ವಚ್ಛ ಮಾಡಿದಷ್ಟೂ ಹೆಚ್ಚು ಕೆಡುತ್ತಿರುವ ಕೋವಿ ನನ್ನ ತಿಳಿವಳಿಕೆಗೆ ನಿಲುಕಲಿಲ್ಲ.

ನೆಲದ ಮೇಲಿನ ಸಾಕ್ಷ್ಯ

ಪಕ್ಕದ ಸಾಲಿನಲ್ಲಿ ಹೊಡೆಯುತ್ತಿದ್ದ ಹಿರಿಯ ಶೂಟರ್ ಒಬ್ಬರು ನನ್ನ ಗುರಿಕಾಗದಗಳನ್ನು ಒಂದು ಸಲ ನೋಡಿ ಬದಿಗಿಟ್ಟರು. ಬಾಯಿಂದ ತುಂಬುವ ಕೋವಿಗಳಲ್ಲೇ ಅವರು ಬಹಳ ವರ್ಷಗಳನ್ನು ಕಳೆದವರು. “ಕಾಗದ ಇರಲಿ, ಪ್ಯಾಚುಗಳನ್ನು ಹೆಕ್ಕಿ ತಂದಿದ್ದೀರಾ?” ಎಂದು ಕೇಳಿದರು. ತಂದಿರಲಿಲ್ಲ. “ಹಾಗಾದರೆ ಗುಂಡು ಎಲ್ಲಿ ಹೋಯಿತೆಂದು ಮಾತ್ರ ನಿಮಗೆ ಗೊತ್ತು. ಏಕೆ ಹೋಯಿತೆಂದು ಹೇಳುವುದು ಬಟ್ಟೆ” ಎಂದರು.

ಗುಂಡು ನಳಿಗೆಯನ್ನು ಬಿಟ್ಟ ಕೂಡಲೇ ಪ್ಯಾಚ್ ಗಾಳಿಗೆ ಬಿಚ್ಚಿಕೊಂಡು ಕೆಲವೇ ಮೀಟರ್ ದೂರದಲ್ಲಿ ಬೀಳುತ್ತದೆ. ಮರುದಿನ ಒಂದೊಂದು ಪ್ಯಾಚಿನ ಅಂಚಿಗೂ ಪೆನ್ನಿನಿಂದ ಸಂಖ್ಯೆ ಬರೆದು ಹೊಡೆದೆ. ಹೊಡೆತಗಳು ನಿಂತು, ಮುಂದೆ ಹೋಗಬಹುದೆಂಬ ಆದೇಶ ಬಂದ ಮೇಲೆ ಹೆಕ್ಕಿದೆ. ಹದಿಮೂರರಲ್ಲಿ ಹನ್ನೊಂದು ಸಿಕ್ಕವು. 1ರಿಂದ 5ರವರೆಗಿನವು ಇನ್ನೊಮ್ಮೆ ಬಳಸಬಹುದೇನೋ ಎನ್ನುವಷ್ಟು ಇಡಿಯಾಗಿದ್ದವು. ನಡುವೆ ಮಾಸಲು ಕಂದು ವೃತ್ತ, ಸುತ್ತ ಸುರುಳಿ ಗೆರೆಗಳು ಒತ್ತಿದ ಹೂವಿನೆಸಳಿನಂಥ ಗುರುತು, ಅಂಚು ಸ್ವಲ್ಪ ಪಿಸುಗು. 6ನೆಯದರಲ್ಲಿ ಗುಂಡಿನ ಪಕ್ಕ ತಾಗುವ ಜಾಗದಲ್ಲಿ ಸಣ್ಣ ಸೀಳು ಇತ್ತು. 8ರಲ್ಲಿ ಆ ಸೀಳಿನ ಅಂಚು ಕರಕಾಗಿತ್ತು. 10 ಮತ್ತು 11ರಲ್ಲಿ ಬೆರಳು ತೂರುವಷ್ಟು ಸುಟ್ಟ ತೂತು. ಗುರಿಕಾಗದದ ಮೇಲೆ ಐದು ಅಂಕಕ್ಕೆ ಬಿದ್ದ ಗುಂಡಿನ ಪ್ಯಾಚ್ ಅರ್ಧ ಮಾತ್ರ ಉಳಿದಿತ್ತು. ಎಂಟು ದಿನಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಆ ಸುಟ್ಟ ಬಟ್ಟೆ. ತೊಂದರೆಗೆ ಮೊದಲ ಬಾರಿಗೆ ಒಂದು ಆಕಾರ ಸಿಕ್ಕಿತ್ತು.

ಬಟ್ಟೆಯನ್ನು ಹರಿಯುತ್ತಿದ್ದದ್ದು ಯಾವುದು? ನಳಿಗೆಯ ಬಾಯಿಯ ಅಂಚು ಹರಿತವಾಗಿದ್ದರೆ ತುಂಬುವಾಗಲೇ ಪ್ಯಾಚ್ ಕತ್ತರಿಸುತ್ತದೆ. ಅದನ್ನು ತಿಳಿಯಲು ಮದ್ದಿಲ್ಲದ, ತೊಳೆದ ನಳಿಗೆಗೆ ಪ್ಯಾಚು ಸುತ್ತಿದ ಗುಂಡನ್ನು ಇಳಿಸಿ ತಿರುಪಿನಿಂದ ಹೊರಗೆಳೆದು ನೋಡಿದೆ. ಬಟ್ಟೆ ಇಡಿಯಾಗಿತ್ತು. ಹಾಗಾಗಿ ಬಾಯಿಯೂ ಸುರುಳಿ ಗೆರೆಗಳೂ ನಿರ್ದೋಷಿಗಳು, ಸೀಳು ಆಗುವುದು ಮಸಿ ಸೇರಿದ ಮೇಲೆ. ಆದರೆ ಪ್ರತಿ ಸಲವೂ ಒರೆಸುತ್ತಿದ್ದ ನಳಿಗೆಯಲ್ಲಿ ಮಸಿ ಎಲ್ಲಿ ಕೂರುತ್ತಿತ್ತು?

ಉತ್ತರ ಗಜದ ಮೇಲಿತ್ತು. ಗುಂಡು ತಳ ಸೇರಿದಾಗ ನಳಿಗೆಯ ಬಾಯಿಗೆ ಸಮನಾಗಿ ನಿಲ್ಲುವಂತೆ ಗಜದ ಮೇಲೆ ಒಂದು ಗೆರೆ ಇರುತ್ತದೆ. ಗುಂಡು ಸರಿಯಾಗಿ ಕೂತಿದೆಯೆಂದು ಖಾತ್ರಿ ಮಾಡಿಕೊಳ್ಳಲು ಎಲ್ಲರೂ ಅದನ್ನು ನೋಡುತ್ತಾರೆ. ನಾನೂ ನೋಡುತ್ತಿದ್ದೆ, ಆದರೆ ಸ್ಥೂಲವಾಗಿ. ಈಗ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದಾಗ ಆರನೆಯ ಗುಂಡಿಗೆ ಗೆರೆ ಬಾಯಿಗಿಂತ 2 ಮಿ.ಮೀ. ಮೇಲಿತ್ತು, ಹತ್ತನೆಯದಕ್ಕೆ 5 ಮಿ.ಮೀ. ಈ ನಳಿಗೆಯಲ್ಲಿ 40 ಗ್ರೇನ್ ಮದ್ದಿನ ಎತ್ತರವೇ ಸುಮಾರು ಎರಡೂವರೆ ಸೆಂಟಿಮೀಟರ್. ಅಂದರೆ ಮದ್ದಿನ ಅಡಿಯಲ್ಲಿ ಅದರ ಐದನೆಯ ಒಂದು ಭಾಗದಷ್ಟು ದಪ್ಪದ ಮಸಿಯ ಹೆಂಟೆ ಬೆಳೆಯುತ್ತಿತ್ತು.

ಒರೆಸುವ ಕೆಲಸವೇ ರೋಗವಾದದ್ದು

ಕರಿಮದ್ದು ಉರಿದಾಗ ಪೂರ್ತಿ ಅನಿಲವಾಗುವುದಿಲ್ಲ. 1870ರ ದಶಕದಲ್ಲಿ ಆ್ಯಂಡ್ರ್ಯೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ ಮುಚ್ಚಿದ ಉಕ್ಕಿನ ಪಾತ್ರೆಗಳಲ್ಲಿ ಮದ್ದನ್ನು ಸಿಡಿಸಿ ನಡೆಸಿದ ಪ್ರಯೋಗಗಳಲ್ಲಿ ತೂಕದ ಸುಮಾರು 57 ಶೇಕಡಾ ಘನಶೇಷವಾಗಿ, 43 ಶೇಕಡಾ ಅನಿಲವಾಗಿ ಉಳಿಯುತ್ತದೆ ಎಂದು ಕಂಡುಕೊಂಡರು. ಶೇಷದ ಬಹುಪಾಲು ಬಿಳಿಹೊಗೆಯಾಗಿ ಬಾಯಿಂದ ಹೊರಹೋಗುತ್ತದೆ, ಉಳಿದದ್ದು ನಳಿಗೆಯ ಗೋಡೆಗೆ ಅಂಟುತ್ತದೆ. ಅದರಲ್ಲಿ ಪೊಟ್ಯಾಸಿಯಮ್ ಕಾರ್ಬೊನೇಟ್, ಸಲ್ಫೇಟ್ ಮೊದಲಾದ ಲವಣಗಳಿರುತ್ತವೆ. ಕಾರ್ಬೊನೇಟ್ ಗಾಳಿಯ ತೇವವನ್ನು ಹೀರುತ್ತದೆ. ಹಾಗಾಗಿ ತೇವದ ದಿನ ಮಸಿ ಮೆದುವಾಗಿ ಮಣಿಯುತ್ತದೆ, ಒಣ ದಿನ ಹೆಂಚಿನಂತೆ ಗಟ್ಟಿಯಾಗುತ್ತದೆ.

ಈ ಮಸಿಯೊಂದಿಗಿನ ಹೋರಾಟವೇ ಬಾಯಿಂದ ತುಂಬುವ ಕೋವಿಗಳ ಇತಿಹಾಸದ ದೊಡ್ಡ ಪಾಲು. 1849ರಲ್ಲಿ ಕ್ಲೋಡ್ ಎಟಿಯೆನ್ ಮಿನಿಯೆ ರೂಪಿಸಿದ ಉದ್ದ ಗುಂಡು ನಳಿಗೆಗಿಂತ ಚಿಕ್ಕದಾಗಿದ್ದು, ಮಸಿ ಹಿಡಿದ ನಳಿಗೆಗೂ ಸಲೀಸಾಗಿ ಇಳಿದು, ಹೊಡೆದಾಗ ಬುಡ ಅಗಲಿ ಗೆರೆಗಳನ್ನು ಕಚ್ಚುತ್ತಿತ್ತು. 1857ರ ದಂಗೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ಎನ್‌ಫೀಲ್ಡ್ ತೋಟಾಗಳ ಕೊಬ್ಬು ಕೂಡ ಗುಂಡು ಸುಲಭವಾಗಿ ಇಳಿಯಲಿ, ಮಸಿ ಮೆದುವಾಗಿರಲಿ ಎಂದೇ ಸವರಿದ್ದು. ಮಸಿಯನ್ನು ಒಂದೇ ಹದದಲ್ಲಿ ಇಟ್ಟುಕೊಂಡ ಬಾಯಿಕೋವಿ ನಿಖರತೆಯಲ್ಲಿ ಹಿಂದೆ ಬೀಳುವುದಿಲ್ಲ ಎಂಬುದಕ್ಕೆ 1874ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರ್‌ನಲ್ಲಿ ನಡೆದ ಪಂದ್ಯವೇ ಸಾಕ್ಷಿ. ಐರಿಷ್ ತಂಡ ರಿಗ್ಬಿ ಬಾಯಿಕೋವಿಗಳಿಂದ, ಅಮೆರಿಕನ್ ತಂಡ ಹಿಂದಿನಿಂದ ತುಂಬುವ ಶಾರ್ಪ್ಸ್ ಮತ್ತು ರೆಮಿಂಗ್ಟನ್ ರೈಫಲ್ಲುಗಳಿಂದ 800, 900 ಮತ್ತು 1000 ಗಜ ದೂರಗಳಲ್ಲಿ ಹೊಡೆದವು. ಅಮೆರಿಕನ್ನರು 934ಕ್ಕೆ 931ರಿಂದ ಗೆದ್ದರು. ಮೂರೇ ಅಂಕಗಳ ಅಂತರ, ಅದೂ ಐರಿಷ್ ಶೂಟರ್ ಒಬ್ಬರು ತಪ್ಪಿ ಪಕ್ಕದವರ ಗುರಿಗೆ ಹೊಡೆದು ಒಂದು ಗುಂಡಿನ ಅಂಕವನ್ನೇ ಕಳೆದುಕೊಂಡಿದ್ದ ದಿನ.

ಈಗ ನನ್ನ ಪ್ರಕರಣಕ್ಕೆ ಮರಳುತ್ತೇನೆ. ನಳಿಗೆ ಒರೆಸಲು ಗಜದ ತುದಿಗೆ ಜ್ಯಾಗ್ ಎಂಬ ಹಿತ್ತಾಳೆಯ ಬಿಲ್ಲೆಯನ್ನು ತಿರುಚಿ ಕೂರಿಸಿ, ಅದರ ಮೇಲೆ ಬಟ್ಟೆಯಿಟ್ಟು ಒತ್ತುತ್ತೇವೆ. ನನ್ನ ಜ್ಯಾಗಿನ ಅಡ್ಡಳತೆ 11.0 ಮಿ.ಮೀ. ಒರೆಸುವ ಬಟ್ಟೆಯ ದಪ್ಪ 0.3 ಮಿ.ಮೀ. ಎರಡೂ ಬದಿ ಸೇರಿದರೆ 11.6 ಮಿ.ಮೀ., ಅಂದರೆ 11.43ರ ನಳಿಗೆಗಿಂತ ದಪ್ಪ. ಇಷ್ಟು ಬಿಗಿಯಾದ ಜ್ಯಾಗ್ ಕೆಳಗಿಳಿಯುವಾಗ ಪಿಚಕಾರಿಯ ಒತ್ತುಕೋಲಿನಂತೆ ವರ್ತಿಸುತ್ತದೆ. ಗೋಡೆಯ ಮಸಿಯನ್ನೆಲ್ಲ ತನ್ನ ಮುಂದೆ ತಳ್ಳಿಕೊಂಡು ಹೋಗಿ ತಳದಲ್ಲಿ, ಕೇಪಿನ ಕಿಡಿ ಬರುವ ದಾರಿಯ ಮುಂದೆ, ಒತ್ತಿ ಕೂರಿಸುತ್ತದೆ. ಮೇಲೆ ಬರುವಾಗ ಬಟ್ಟೆ ಕಪ್ಪಾಗಿ ಬರುತ್ತದೆಯಾದ್ದರಿಂದ ಶೂಟರಿಗೆ ತಾನು ಸ್ವಚ್ಛ ಮಾಡಿದೆನೆಂಬ ಸಮಾಧಾನ. ಸರಿಯಾದ ಅಳತೆಯ ಜ್ಯಾಗಾದರೆ ಇಳಿಯುವಾಗ ಮಸಿಯ ಮೇಲೆ ಜಾರಿಕೊಂಡು ಹೋಗಿ, ಎಳೆಯುವಾಗ ಬಟ್ಟೆ ಮುದುಡಿ ದಪ್ಪವಾಗಿ, ಮಸಿಯನ್ನು ಹಿಡಿದು ಮೇಲಕ್ಕೆ ತರುತ್ತದೆ.

ಒದ್ದೆ ಹೆಚ್ಚಿಸಿದಾಗ ತೊಂದರೆ ಹೆಚ್ಚಿದ್ದು ಏಕೆಂದೂ ಇದರಿಂದ ತಿಳಿಯಿತು. ತಳದ ಹೆಂಟೆ ನೀರು ಕುಡಿದು ಕೆಸರಾಗಿ ಕಿಡಿಯ ದಾರಿಯನ್ನು ಅರ್ಧ ಮುಚ್ಚುತ್ತಿತ್ತು. ಅದರ ಮೇಲೆ ಸುರಿದ ಮದ್ದಿನ ಕೆಳಪದರ ತೇವವಾಗುತ್ತಿತ್ತು. ತಡವಾಗಿ ಹೊತ್ತಿದ್ದೂ, ಹೊತ್ತದೇ ಹೋದದ್ದೂ ಅದರ ಫಲ. ಇನ್ನೊಂದೆಡೆ, ಹೆಂಟೆಯ ಅಂಚಿನಲ್ಲಿ ಒಣಗಿ ಉಳಿದ ಉಂಗುರದ ಮೇಲೆ ಪ್ಯಾಚನ್ನು ಒತ್ತಿ ಕೂರಿಸುವಾಗ ತೆಳು ಬಟ್ಟೆ ಉಜ್ಜಿ ಸೀಳುತ್ತಿತ್ತು. ಹೊಡೆದ ಕ್ಷಣದಲ್ಲಿ ಅನಿಲ ಆ ಸೀಳಿನ ಮೂಲಕ ನುಗ್ಗಿ ಬಟ್ಟೆಯನ್ನು ಸುಡುತ್ತಿತ್ತು, ಗುಂಡು ಗೆರೆಗಳ ಹಿಡಿತವನ್ನು ಒಂದು ಬದಿಯಲ್ಲಿ ಕಳೆದುಕೊಂಡು ಓರೆಯಾಗಿ ಹೊರಡುತ್ತಿತ್ತು.

ಇಲ್ಲೊಂದು ಲೆಕ್ಕವನ್ನೂ ಮಾಡಿದೆ. ಕ್ರೋನೋಗ್ರಾಫಿನಲ್ಲಿ ಮೊದಲ ಗುಂಡುಗಳ ವೇಗ ಸೆಕೆಂಡಿಗೆ 470 ಮೀಟರ್ ಆಸುಪಾಸಿನಲ್ಲಿತ್ತು, ಕೊನೆಯವು ಕೆಲವು 440ಕ್ಕೆ ಇಳಿದಿದ್ದವು. ಉರುಟು ಗುಂಡು 50 ಮೀಟರ್ ಕ್ರಮಿಸಲು ಸುಮಾರು 0.12 ಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ ಸುಮಾರು 7 ಸೆಂಟಿಮೀಟರ್ ಬೀಳುತ್ತದೆ. ವೇಗ 30 ಮೀಟರ್ ಕಡಿಮೆಯಾದರೆ ಈ ಬೀಳುವಿಕೆ ಹೆಚ್ಚಾಗುವುದು ಕೇವಲ 8 ಮಿ.ಮೀ. ಆಸುಪಾಸು. ಹಾಗಾಗಿ 120 ಮಿ.ಮೀ. ಹರಡುವಿಕೆಯನ್ನು ವೇಗದ ಏರುಪೇರಿನ ತಲೆಗೆ ಕಟ್ಟಲು ಬರುವುದಿಲ್ಲ. ಈ ದೂರದಲ್ಲಿ ಮದ್ದನ್ನು ತೂಗಿ ತೂಗಿ ಸಮಯ ಕಳೆಯುವವರಿಗೆ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ. ಮುಖ್ಯ ಅಪರಾಧಿ ಹರಿದ ಪ್ಯಾಚ್.

ತಿದ್ದುಪಡಿಗಳು

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಪ್ರತಿ ಬದಲಾವಣೆಗೂ ಆಸರೆಯ ಮೇಲೆ ಹದಿಮೂರು ಗುಂಡು ಹೊಡೆಯಬೇಕು ಎಂದು ನಿಶ್ಚಯಿಸಿಕೊಂಡೆ. ಮೊದಲಿಗೆ ಜ್ಯಾಗನ್ನು ಲೇತಿನಲ್ಲಿ ಕಡೆಸಿ 10.6 ಮಿ.ಮೀ.ಗೆ ಇಳಿಸಿದೆ. ಒರೆಸುವ ಬಟ್ಟೆಯನ್ನು ತೊಯ್ಯಿಸದೆ, ನಾಲಗೆಯ ತುದಿಗೆ ತಾಗಿಸಿದಷ್ಟೇ ತೇವ ಮಾಡಿ, ಒಂದೇ ಸಲ ಇಳಿಸಿ ಎಳೆದು, ಹಿಂದೆಯೇ ಒಂದು ಒಣ ಬಟ್ಟೆಯನ್ನು ಆಡಿಸಿದೆ. ಗಜದ ಗೆರೆ ಹದಿಮೂರು ಗುಂಡುಗಳುದ್ದಕ್ಕೂ 1 ಮಿ.ಮೀ. ಒಳಗೇ ನಿಂತಿತು. ತಡವಾಗಿ ಹೊತ್ತುವುದು ಪೂರ್ತಿ ನಿಂತುಹೋಯಿತು. ಗುಂಪು 85 ಮಿ.ಮೀ.ಗೆ ಇಳಿಯಿತು. ಆದರೆ ಹೆಕ್ಕಿದ ಪ್ಯಾಚುಗಳಲ್ಲಿ ಮೂರು ಇನ್ನೂ ಕರಕಾಗಿದ್ದವು.

ಎರಡನೆಯದಾಗಿ ಪ್ಯಾಚಿನ ಬಟ್ಟೆಯನ್ನು ಬದಲಿಸಿದೆ. ಒತ್ತಾಗಿ ನೇಯ್ದ, 0.46 ಮಿ.ಮೀ. ದಪ್ಪದ ಶುದ್ಧ ಹತ್ತಿ. ಕೃತಕ ನೂಲು ಬೆರೆತ ಬಟ್ಟೆ ಶಾಖಕ್ಕೆ ಕರಗಿ ನಳಿಗೆಗೆ ಅಂಟುತ್ತದೆ, ಆದ್ದರಿಂದ ಒಂದು ಎಳೆಯನ್ನು ಸುಟ್ಟು ನೋಡಿ ಬೂದಿಯಾಗುತ್ತದೆಯೇ, ಮಣಿಯಂತೆ ಗಟ್ಟಿಯಾಗುತ್ತದೆಯೇ ಎಂದು ಪರೀಕ್ಷಿಸಿಯೇ ಆಯ್ದುಕೊಂಡೆ. ಹೊಸ ಬಟ್ಟೆಯನ್ನು ಬಳಸುವ ಮುನ್ನ ತೊಳೆದು ಗಂಜಿ ತೆಗೆಯಬೇಕೆಂಬುದನ್ನೂ ಆ ಹಿರಿಯ ಶೂಟರೇ ನೆನಪಿಸಿದರು. ಸವರಲು ಜೇನುಮೇಣ ಮತ್ತು ಸಸ್ಯದೆಣ್ಣೆಯ ಮಿಶ್ರಣವನ್ನು ಬಳಸಿದೆ. ಅದುವರೆಗೆ ನಾನು ಬಳಸುತ್ತಿದ್ದದ್ದು ನೀರು ಹೆಚ್ಚಿದ್ದ ಜಿಡ್ಡು. ತುಂಬಿ ಸ್ವಲ್ಪ ಹೊತ್ತು ಕಾದರೆ ಅದು ಮದ್ದಿಗೆ ತೇವ ಬಿಡುತ್ತಿತ್ತು. ಈ ಸಲ ಸಿಕ್ಕ ಹನ್ನೆರಡು ಪ್ಯಾಚುಗಳೂ ಇಡಿಯಾಗಿದ್ದವು. ಗುಂಪು 62 ಮಿ.ಮೀ. ಕೆಲವರು ಬಟ್ಟೆ ಸುಡದಂತೆ ಮದ್ದಿನ ಮೇಲೆ ಸ್ವಲ್ಪ ಸಣ್ಣ ರವೆ ಸುರಿದು ಅದರ ಮೇಲೆ ಗುಂಡು ಕೂರಿಸುತ್ತಾರೆ. ಅದು ಒಳ್ಳೆಯ ಉಪಾಯವೇ. ಆದರೆ ಇಲ್ಲಿ ಅದನ್ನು ಮೊದಲೇ ಬಳಸಿದ್ದರೆ ಪ್ಯಾಚ್ ಹರಿಯುವ ಕಾರಣ ಮುಚ್ಚಿಹೋಗಿ ಜ್ಯಾಗಿನ ದೋಷ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಮೂರನೆಯದು ನಿಪ್ಪಲ್. ಅದರ ಕಿಡಿತೂತು ಸವೆದು 1.0 ಮಿ.ಮೀ. ಆಗಿತ್ತು. 0.7 ಮಿ.ಮೀ. ತೂತಿನ ಹೊಸದನ್ನು ಹಾಕಿದೆ. ತೂತು ಅಗಲವಾದಷ್ಟೂ ಅನಿಲ ಹಿಂದಕ್ಕೆ ಸೋರಿ ಕುದುರೆಯನ್ನು ಎತ್ತುತ್ತದೆ, ಒತ್ತಡವೂ ಏರುಪೇರಾಗುತ್ತದೆ. ಗುಂಪು 50 ಮಿ.ಮೀ.ಗೆ ಬಂದಿತು, ಅಂದರೆ ಹದಿಮೂರು ಗುಂಡುಗಳ ನಡುಬಿಂದುಗಳ ಹರಡು ಹತ್ತು ಅಂಕದ ವೃತ್ತದ ಅಗಲದಷ್ಟೇ. ಇದರಲ್ಲಿ ನಿಪ್ಪಲ್ಲಿನ ಪಾಲು ಎಷ್ಟು, ಆ ದಿನದ ಗಾಳಿ ಶಾಂತವಾಗಿದ್ದುದರ ಪಾಲು ಎಷ್ಟು ಎಂದು ಒಂದೇ ಗುಂಪಿನಿಂದ ಬೇರ್ಪಡಿಸಿ ಹೇಳಲಾಗದು.

ಕೊನೆಯ ಪರೀಕ್ಷೆಯನ್ನು ಮಾಡಲು ಮನಸ್ಸಿಗೆ ಕಷ್ಟವಾಯಿತು, ಆದರೂ ಮಾಡಿದೆ. ಹೊಸ ಬಟ್ಟೆ, ಹೊಸ ನಿಪ್ಪಲ್ ಎಲ್ಲವನ್ನೂ ಹಾಗೆಯೇ ಇಟ್ಟು, ಹಳೆಯ ಅಳತೆಯ ಬಿಗಿ ಜ್ಯಾಗೊಂದನ್ನು ಎರವಲು ಪಡೆದು ಮತ್ತೆ ಹದಿಮೂರು ಗುಂಡು ಹೊಡೆದೆ. ಎಂಟನೆಯ ಗುಂಡಿಗೆ ಗಜದ ಗೆರೆ 3 ಮಿ.ಮೀ. ಏರಿತು. ಹತ್ತನೆಯದು ತಡವಾಗಿ ಹೊತ್ತಿತು. ಗುಂಪು 90 ಮಿ.ಮೀ. ದೋಷವನ್ನು ತೆಗೆದಾಗ ತೊಂದರೆ ಹೋಗಿ, ದೋಷವನ್ನು ಮರಳಿ ತಂದಾಗ ತೊಂದರೆಯೂ ಮರಳಿ ಬಂದದ್ದರಿಂದ ಜ್ಯಾಗಿನ ಬಗ್ಗೆ ನನಗೆ ಸಂದೇಹ ಉಳಿಯಲಿಲ್ಲ.

ಈಗಿನ ಸ್ಥಿತಿ

ಈಗ ಪ್ರತಿ ಅಭ್ಯಾಸದ ಆರಂಭದಲ್ಲಿ, ಸಂಗ್ರಹಕ್ಕೆಂದು ಹಚ್ಚಿದ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ತೆಗೆದು, ಮದ್ದಿಲ್ಲದೆ ಎರಡು ಕೇಪುಗಳನ್ನು ಸಿಡಿಸುತ್ತೇನೆ. ನಳಿಗೆಯ ಬಾಯಿಯನ್ನು ಒಂದು ಹುಲ್ಲೆಸಳಿನ ಬಳಿ ಹಿಡಿದಾಗ ಎಸಳು ಅಲುಗಿದರೆ ಕಿಡಿಯ ದಾರಿ ತೆರೆದಿದೆ ಎಂದರ್ಥ. ಪ್ರತಿ ಗುಂಡಿಗೂ ಗಜದ ಗೆರೆಯ ಎತ್ತರವನ್ನು ಅಂಕದ ಪಕ್ಕದಲ್ಲೇ ಬರೆಯುತ್ತೇನೆ. ಪ್ಯಾಚುಗಳನ್ನು ಹೆಕ್ಕಿ ತಂದು ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತೇನೆ. ನಿಂತು ಹೊಡೆದ ಕಳೆದ ಅಭ್ಯಾಸದಲ್ಲಿ ಉತ್ತಮ ಹತ್ತರ ಮೊತ್ತ 92 ಬಂದಿತು. ಲೆಕ್ಕಕ್ಕೆ ಬಿಟ್ಟ ಮೂರು ಗುಂಡುಗಳು ಮೂರು, ಏಳು ಮತ್ತು ಹನ್ನೆರಡನೆಯವು. ಅಂದರೆ ತಪ್ಪುಗಳು ಈಗ ಕೊನೆಯಲ್ಲಿ ಗುಂಪುಗೂಡದೆ ಅಲ್ಲಲ್ಲಿ ಬೀಳುತ್ತಿವೆ. ಅವು ನನ್ನ ತೋಳಿನವು, ಅವುಗಳಿಗೆ ಬೇರೆ ಅಭ್ಯಾಸ ಬೇಕು.

ಒಣಗಾಳಿಯ ದಿನಗಳ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ. ಅಂಥ ಒಂದು ಮಧ್ಯಾಹ್ನ ಹೊಸ ಜ್ಯಾಗಿನಲ್ಲೂ ಹನ್ನೊಂದನೆಯ ಗುಂಡಿಗೆ ಗೆರೆ ಒಂದೂವರೆ ಮಿ.ಮೀ. ಏರಿತ್ತು, ಆ ಪ್ಯಾಚಿನ ಒಂದು ಬದಿಯಲ್ಲಿ ಎಳೆಗಳು ಸವೆದು ಬೆಳಕು ಕಾಣುತ್ತಿತ್ತು. ಒರೆಸುವ ಬಟ್ಟೆಯ ತೇವವನ್ನು ದಿನದ ಹವೆಗೆ ತಕ್ಕಂತೆ ಎಷ್ಟು ಬದಲಿಸಬೇಕೆಂದು ತಿಳಿಯಲು, ಬಟ್ಟೆಗಳನ್ನು ಮೊದಲೇ ತೂಗಿ, ಇಷ್ಟು ಹನಿ ನೀರಿಗೆ ಇಷ್ಟು ಬಟ್ಟೆ ಎಂದು ಮೂರು ಡಬ್ಬಿಗಳಲ್ಲಿ ಬೇರೆಬೇರೆಯಾಗಿ ಹಾಕಿಟ್ಟಿದ್ದೇನೆ. ಮುಂದಿನ ಒಣ ದಿನಕ್ಕಾಗಿ ಕಾಯುತ್ತಿದ್ದೇನೆ.